ಒಂದು ಮನೆಗೆ ಒಂದೇ ಅಜ್ಜಿ

ಆಗುತ್ತಪ್ಪ ಎನ್ನುವುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ, ಕಚೇರಿ ಇಟ್ಟದ್ದು. ಯಾರು ಏನು ಕೇಳಿದರೂ, ಅವರು ಕೇಳಿ ಮುಗಿಸುವ ಮೊದಲೇ "ಆಗುತ್ತೆ ಸಾರ್" ಎಂದುಬಿಡುವುದು ಅವನ ಜಾಯಮಾನ. ಫ್ಯಾನು ರಿಪೇರಿ ಆಗುತ್ತೇನಯ್ಯಾ? ಆಗುತ್ತೆ ಸಾರ್. ಕಪಾಟಿನ ಬೀಗ ತೆಗೆಯೋಕಾಗುತ್ತಾ? ಆಗುತ್ತೆ ಸಾರ್. ಆ ಫ್ಯಾನು ಮತ್ತೆ ತಿರುಗಲಿಲ್ಲ, ಆ ಬೀಗ ಮತ್ತೆ ಬೀಳಲಿಲ್ಲ ಎನ್ನುವುದು ಬೇರೆ ಮಾತು. ಆಗಲ್ಲ ಎನ್ನುವ ಮಾತು ಬಾಯಿಗೇ ಬಾರದ ಮನುಷ್ಯನನ್ನು ಯಾವ ಕಚೇರಿಯೂ ಬಿಟ್ಟುಕೊಡುವುದಿಲ್ಲ. ನಾವೂ ಬಿಟ್ಟುಕೊಟ್ಟಿರಲಿಲ್ಲ.

ನಮ್ಮದು ಮನೆ ಹಂಚುವ ಕಚೇರಿ. ಸಾಲಾಗಿ ನಿಂತ ಹಳೆಯ ವಸತಿ ಕಟ್ಟಡಗಳು, ಒಂದಕ್ಕೂ ಲಿಫ್ಟಿಲ್ಲ. ಅವುಗಳಲ್ಲೊಂದರ ನೆಲಮಹಡಿಯಲ್ಲಿ ನಾವು, ಅದೇ ಕಟ್ಟಡದ ತುತ್ತತುದಿಯಲ್ಲಿ ಅವರು. ನಾವು ಎಂದರೆ ಜನರಿಂದ ಅರ್ಜಿ ತೆಗೆದುಕೊಳ್ಳುವವರು. ನಾನು ಕೂರುವುದು ಆ ಕೌಂಟರಿನಲ್ಲೇ. ಅವರು ಎಂದರೆ ಅರ್ಜಿ ನೋಡಿ ಮನೆ ಕೊಡುವವರು. ಮೊದಲು ಇವು ಎರಡು ಬೇರೆ ಬೇರೆ ಇಲಾಖೆಗಳಾಗಿದ್ದವು, ಆಮೇಲೆ ಯಾವುದೋ ಆದೇಶ ಬಂದು ಒಂದಾದವು. ಆದೇಶ ಮನುಷ್ಯರಿಗೆ ತಲುಪಿತು, ಕಂಪ್ಯೂಟರುಗಳಿಗೆ ತಲುಪಲಿಲ್ಲ. ಮೇಲಿನವರದ್ದು ದುಡ್ಡು ಕೊಟ್ಟು ತಂದ ಆಪರೇಟಿಂಗ್ ಸಿಸ್ಟಂ, ಅವರದ್ದೇ ನೆಟ್‌ವರ್ಕ್. ನಮ್ಮದು ಪುಕ್ಕಟೆ ಸಿಕ್ಕ ಸಿಸ್ಟಂ, ನಮ್ಮದೇ ನೆಟ್‌ವರ್ಕ್. ಎರಡಕ್ಕೂ ಎಣ್ಣೆ ಸೀಗೇಕಾಯಿ. ನಾವು ಇಲ್ಲಿ ಏರಿಸಿದ ಅರ್ಜಿ ಅಲ್ಲಿ ಕಾಣಿಸುತ್ತಿರಲಿಲ್ಲ. ಅಚ್ಚು ಹಾಕಿ, ಕಟ್ಟು ಕಟ್ಟಿ ಮೇಲೆ ಹೊರಿಸಿದರೆ ಮೇಲಿನ ಮೇಡಂ ಅದನ್ನು ಮತ್ತೆ ಟೈಪು ಮಾಡಿಸಬೇಕಿತ್ತು. ಅವರು ಅದನ್ನು ಕಪಾಟಿನೊಳಗೆ ತಳ್ಳಿ "ಬಿಡುವಾದಾಗ ನೋಡೋಣ" ಎನ್ನುತ್ತಿದ್ದರು. ಬಿಡುವು ಅವರಿಗೆ ಧಾರಾಳವಾಗಿತ್ತು, ನೋಡುವುದು ಮಾತ್ರ ಆಗುತ್ತಿರಲಿಲ್ಲ.

ಆ ಕಪಾಟಿನೊಳಗೆ ಆಗುತ್ತಪ್ಪನ ಅಜ್ಜಿಯ ಅರ್ಜಿಯೂ ಇತ್ತು. ಅವನನ್ನು ಸಾಕಿ ಬೆಳೆಸಿದ, ತಾಯಿಯ ತಾಯಿ. ಅವರ ಮನೆ ಪಕ್ಕದ ಕಟ್ಟಡದ ಕೊನೆಯ ಮಹಡಿಯಲ್ಲಿ. ಅಜ್ಜಿಯ ಮೊಣಕಾಲು ಕೈಕೊಟ್ಟ ಮೇಲೆ ಅವಳು ಕೆಳಗಿಳಿದದ್ದೇ ಇಲ್ಲ. ಹಿಂದೆ ದಿನಾ ಸಂಜೆ ಗೇಟಿನ ಪಕ್ಕದ ಕಲ್ಲುಬೆಂಚಿನಲ್ಲಿ ಅವಳೂ ಎದುರಿನ ಕಟ್ಟಡದ ಅವಳ ಗೆಳತಿಯೂ ಕೂತು ಇಡೀ ಕಾಲೊನಿಯನ್ನು ವಿಚಾರಿಸಿಕೊಳ್ಳುತ್ತಿದ್ದರು. ಗೆಳತಿಯೂ ಕೊನೆಯ ಮಹಡಿ, ಅವಳದ್ದು ಸೊಂಟ. ಈಗ ಇಬ್ಬರೂ ಎದುರುಬದುರು ಕಿಟಕಿಯಲ್ಲಿ. ಗೆಳತಿ ದಿನಾ ಬೆಳಿಗ್ಗೆ ಕೈ ಬೀಸುತ್ತಾಳೆ, ಅಜ್ಜಿಯೂ ಬೀಸುತ್ತಾಳೆ. ಫೋನು ಪ್ರಯೋಜನವಿಲ್ಲ, ಗೆಳತಿಗೆ ಕಿವಿ ಮಂದ. ಅಜ್ಜಿ "ಹೇಗಿದ್ದೀಯೇ" ಎಂದು ಕೇಳಿದರೆ ಆ ಕಡೆಯಿಂದ "ರಾಂಗ್ ನಂಬರ್" ಎಂದು ಇಟ್ಟುಬಿಡುತ್ತಿದ್ದಳು.

"ನಂಗೆ ಇನ್ನೇನೂ ಬೇಡಪ್ಪ," ಎನ್ನುತ್ತಿದ್ದಳು ಅಜ್ಜಿ. "ಕೆಳಗೊಂದು ಕೋಣೆ ಸಿಕ್ರೆ ಸಾಕು. ಕಣ್ಣು ಮುಚ್ಚೋದ್ರೊಳಗೆ ಅವಳ ಪಕ್ಕ ಕೂತು ಒಂದ್ಸಲ ಮಾತಾಡ್ಬೇಕು. ಆಗುತ್ತೇನೋ?"

"ಆಗುತ್ತಜ್ಜಿ," ಎನ್ನುತ್ತಿದ್ದ ಅವನು. ಬೇರೆಯವರಿಗೆ ಹೇಳುವಾಗ ನಗುತ್ತ ಹೇಳುತ್ತಿದ್ದವನು ಅಜ್ಜಿಗೆ ಹೇಳುವಾಗ ಗೋಡೆ ನೋಡುತ್ತಿದ್ದ.

ಹೀಗಿರುವಾಗ ನಿರ್ದೇಶಕ ಸಾಹೇಬರು ಒಂದು ದಿನ ನಮ್ಮ ಕೋಣೆಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ಕೇಳಿದರು. "ಏನ್ರೀ, ಮೇಲಿನ ನೆಟ್‌ವರ್ಕನ್ನೂ ಕೆಳಗಿನ ನೆಟ್‌ವರ್ಕನ್ನೂ ಜೋಡಿಸೋಕೆ..."

"ಆಗುತ್ತೆ ಸಾರ್."

ನಮ್ಮ ನೆಲಮಹಡಿಯ ಮ್ಯಾನೇಜರು ಕನ್ನಡಕ ತೆಗೆದರು. ಗಂಭೀರವಾದ ಅಪಾಯ ಬಂದಾಗ ಅವರು ಕನ್ನಡಕ ತೆಗೆಯುತ್ತಾರೆ. "ಏ, ಪ್ಲಗ್ಗು ಹಾಕೋದಲ್ಲ ಕಣಯ್ಯಾ ಅದು. ಅವರ ಸಿಸ್ಟಂ ಬೇರೆ, ನಮ್ಮ ಸಿಸ್ಟಂ ಬೇರೆ. ಒಂದರ ಭಾಷೆ ಒಂದಕ್ಕೆ ತಿಳಿಯಲ್ಲ."

"ತಿಳಿಸಿದ್ರೆ ತಿಳಿಯುತ್ತೆ ಸಾರ್," ಎಂದ ಆಗುತ್ತಪ್ಪ. ಜೋಡಣೆಯಾದರೆ ಅಜ್ಜಿಯ ಅರ್ಜಿ ತಾನೇ ಮೆಟ್ಟಿಲು ಹತ್ತಿಹೋಗಿ ಮೇಡಂ ಕಣ್ಣೆದುರು ಕೂರುತ್ತದೆ, ಕಪಾಟಿನ ಹಂಗಿಲ್ಲ. ಅವನ ತಲೆಯಲ್ಲಿದ್ದದ್ದು ಅಷ್ಟೇ.

ಕೆಲಸ ಶುರುವಾಯಿತು. ಮೊದಲ ದಿನವೇ ಅವನು ಡ್ರಿಲ್ಲು ತಂದು ಗೋಡೆಗೆ ದೊಡ್ಡದೊಂದು ತೂತು ಕೊರೆದ. ಆಚೆ ಇಣುಕಿದರೆ ರಸ್ತೆ ಕಾಣಬೇಕಿತ್ತು, ನಮ್ಮದೇ ಸಾಮಾನಿನ ಕೋಣೆಯ ಮುರುಕು ಕುರ್ಚಿಗಳು ಕಂಡವು. ಗೋಡೆ ತಪ್ಪಿತ್ತು. "ಇರಲಿ ಬಿಡಿ, ಗಾಳಿಯಾಡುತ್ತೆ," ಎಂದು ಸರಿಯಾದ ಗೋಡೆಗೆ ಇನ್ನೊಂದು ಕೊರೆದ. ಕೇಬಲ್ಲನ್ನು ಕಟ್ಟಡದ ಹೊರಗಿನಿಂದ, ನಡುವಿನ ಮಹಡಿಗಳ ಕಿಟಕಿಗಳ ಪಕ್ಕದಲ್ಲೇ, ಮೇಲಿನವರೆಗೆ ಎಳೆದ. ನಡುವಿನ ಮಹಡಿಯ ಟೈಲರು ಅದರ ಮೇಲೆ ಒದ್ದೆ ಪ್ಯಾಂಟು ಒಣಹಾಕಿದ. ಎರಡು ಇಲಾಖೆಗಳ ಸಂಬಂಧ ಹೀಗೆ ಪ್ಯಾಂಟಿನ ಭಾರದೊಂದಿಗೇ ಆರಂಭವಾಯಿತು.

ಆಮೇಲಿನ ದಿನಗಳಲ್ಲಿ ಮೆಟ್ಟಿಲ ಬಾಯಿಂದ ಮೆಟ್ಟಿಲ ತಲೆಗೆ ಕೂಗಾಟ.

"ಮೇಡಂ, ನಿಮಗೆ ನಾವು ಕಾಣಿಸ್ತಿದೀವಾ?"

"ಕಾಣಿಸ್ತಿದೀರಿ. ಆದರೆ ಒಳಗೆ ಬಿಡ್ತಿಲ್ಲ!"

"ನಮಗೆ ನೀವು ಕಾಣಿಸ್ತಾನೇ ಇಲ್ಲ ಮೇಡಂ!"

"ಅದೇನು ಹೊಸದಾ? ನಿಮಗೆ ನಾವು ಯಾವತ್ತು ಕಂಡಿದೀವಿ?"

ನಡುವಿನ ಮಹಡಿಯ ಸಂಸಾರಗಳು ಬಾಗಿಲು ಅರ್ಧ ತೆರೆದು ಇದನ್ನೆಲ್ಲ ಕಿವಿಗೊಟ್ಟು ಕೇಳುತ್ತಿದ್ದವು. ಪಾಸ್‌ವರ್ಡನ್ನು ಮೇಡಂ 'ಗುಟ್ಟಾಗಿಡಿ' ಎನ್ನುತ್ತ ಮೇಲಿನಿಂದಲೇ ಕೂಗಿ ಹೇಳಿದ್ದರಿಂದ ಅದು ಇಡೀ ಕಟ್ಟಡಕ್ಕೆ ಬಾಯಿಪಾಠವಾಯಿತು. ಕೊನೆಗೂ ಒಂದು ಮಧ್ಯಾಹ್ನ, ಟೈಲರ ಪ್ಯಾಂಟು ಒಣಗಿದ ಹೊತ್ತಿಗೆ, ಎರಡೂ ಕಡೆಗೆ ಸೇರಿದ ಒಂದು ಫೋಲ್ಡರು ತೆರೆದುಕೊಂಡಿತು. ಮೇಲಿನವರು ಅದರಲ್ಲಿ 'ನಮಸ್ಕಾರ' ಎಂದು ಬರೆದಿಟ್ಟರು. ನಮ್ಮಲ್ಲಿ ತೆರೆದರೆ 'ನಮಸ್ಕಾರ' ಎಂದೇ ಇತ್ತು. ಒಂದಕ್ಷರವೂ ಆಚೀಚೆ ಇಲ್ಲ. ಸಾಹೇಬರು ಆಗುತ್ತಪ್ಪನ ಬೆನ್ನು ತಟ್ಟಿದರು. ಮ್ಯಾನೇಜರು ಕನ್ನಡಕ ಹಾಕಿಕೊಂಡರು.

ಖುಷಿಯ ಭರದಲ್ಲಿ ಸಾಹೇಬರು ಒಂದು ಹುಕುಂ ಹೊರಡಿಸಿದರು. ಕಪಾಟಿನಲ್ಲಿರುವ ಹಳೆಯ ಅರ್ಜಿಗಳೆಲ್ಲ ರದ್ದು. ನೆಲಮಹಡಿ ಬೇಕಾದವರಿಂದ ಹೊಸದಾಗಿ ಅರ್ಜಿ ತೆಗೆದುಕೊಂಡು ನೇರ ಕಂಪ್ಯೂಟರಿಗೇ ಏರಿಸುವುದು. ಗುರುವಾರ ಬಿಟ್ಟರೆ ಇಲ್ಲ. ಮೇಡಂ ಮೇಲೆ ನೋಟಿಸು ಟೈಪು ಮಾಡಿ ಆ ಫೋಲ್ಡರಿಗೆ ಹಾಕಿದರು. ನಾವು ಕೆಳಗೆ ಅದನ್ನು ಅಚ್ಚು ಹಾಕಿ ಪ್ರತಿ ಕಟ್ಟಡದ ಬಾಗಿಲಿಗೂ ಅಂಟಿಸಿದೆವು. ಓದಿದೆವೇ ಎಂದು ಕೇಳಬೇಡಿ. ನಮ್ಮ ಕಚೇರಿಯ ನೋಟಿಸನ್ನು ನಾವು ಓದುವ ಪದ್ಧತಿ ಇಲ್ಲ.

ಈಗ ಆದದ್ದೇನೆಂದು ಹೇಳಬೇಕು. ಮೇಲಿನವರ ಕಂಪ್ಯೂಟರಿನ ಫಾಂಟಿನಲ್ಲಿ ಅರ್ಕಾವೊತ್ತು ಕೂರುವ ಜಾಗ ಒಂದಿದೆಯಲ್ಲ, ನಮ್ಮ ಫಾಂಟಿನಲ್ಲಿ ಅದೇ ಜಾಗದಲ್ಲಿ ಜ-ಒತ್ತು ಕಾಲು ಚಾಚಿ ಕೂತಿತ್ತು. ಮಿಕ್ಕ ಅಕ್ಷರಗಳೆಲ್ಲ ಸುಖವಾಗಿ ಕೆಳಗಿಳಿದವು. ಅರ್ಕಾವೊತ್ತು ಮಾತ್ರ ದಾರಿಯಲ್ಲಿ ವೇಷ ಬದಲಿಸಿತು. 'ನಮಸ್ಕಾರ'ದಲ್ಲಿ ಅರ್ಕಾವೊತ್ತು ಇಲ್ಲ. 'ಅರ್ಜಿ'ಯಲ್ಲಿ ಇದೆ. ಮೇಡಂ ಬರೆದ ಪ್ರತಿಯೊಂದು 'ಅರ್ಜಿ'ಯೂ ಕೆಳಗೆ ಬರುವಷ್ಟರಲ್ಲಿ 'ಅಜ್ಜಿ'ಯಾಗಿತ್ತು. ನೋಟಿಸು ಹೀಗಿತ್ತು:

'ನೆಲಮಹಡಿಯ ಮನೆ ಬೇಕಾದವರು ಗುರುವಾರ ಬೆಳಿಗ್ಗೆ ತಮ್ಮ ಅಜ್ಜಿಯನ್ನು ಖುದ್ದಾಗಿ ತಂದು ಕೌಂಟರಿನಲ್ಲಿ ಒಪ್ಪಿಸತಕ್ಕದ್ದು. ಒಂದು ಮನೆಗೆ ಒಂದೇ ಅಜ್ಜಿ. ಅಜ್ಜಿಯ ಮೇಲೆ ಇತ್ತೀಚಿನ ಫೋಟೋ ಅಂಟಿಸಿರಬೇಕು. ಅಜ್ಜಿಯನ್ನು ಮಡಚಬಾರದು. ಹಳೆಯ, ಮಾಸಿದ, ತಿದ್ದಿದ ಅಜ್ಜಿಗಳನ್ನು ತೆಗೆದುಕೊಳ್ಳುವುದಿಲ್ಲ. ಒಮ್ಮೆ ಒಪ್ಪಿಸಿದ ಅಜ್ಜಿಯನ್ನು ಯಾವ ಕಾರಣಕ್ಕೂ ಹಿಂದಿರುಗಿಸಲಾಗುವುದಿಲ್ಲ.'

ಕೆಳಗೆ ಸಾಹೇಬರ ಸಹಿಯ ಜಾಗ. 'ನಿರ್ದೇಶಕರು' ಎಂದಿರಬೇಕಾದಲ್ಲಿ 'ನಿದ್ಜೇಶಕರು' ಎಂದಿತ್ತು. ಅದರಲ್ಲಿ ತಪ್ಪಿದೆಯೆಂದು ಕಾಲೊನಿಯ ಒಬ್ಬರಿಗೂ ಅನ್ನಿಸಲಿಲ್ಲ.

ಜನ ನಗಲಿಲ್ಲ ಎಂಬುದನ್ನು ಗಮನಿಸಬೇಕು. ನಮ್ಮ ಕಚೇರಿ ಹಿಂದೊಮ್ಮೆ ಬದುಕಿರುವವರಿಂದ ಬದುಕಿದ್ದೇವೆಂದು ಪತ್ರ ಕೇಳಿತ್ತು, ಇನ್ನೊಮ್ಮೆ ಮನೆ ಇಲ್ಲದವರಿಂದ ಮನೆಯ ವಿಳಾಸಕ್ಕೆ ಸಾಕ್ಷಿ ಕೇಳಿತ್ತು. ಅಂಥವರು ಈಗ ಅಜ್ಜಿಯನ್ನು ಕೇಳಿದರೆ ಆಶ್ಚರ್ಯವೇನು? "ಮೆಟ್ಟಿಲು ಹತ್ತೋಕಾಗುತ್ತೋ ಇಲ್ವೋ ಕಣ್ಣಾರೆ ನೋಡ್ಬೇಕಲ್ಲ, ಅದಕ್ಕೇ ಇರ್ಬೇಕು," ಎಂದ ಟೈಲರು. ಅವನಿಗೆ ಅಜ್ಜಿ ಇರಲಿಲ್ಲ. ಪಕ್ಕದ ಮನೆಗೆ ಹೋಗಿ, "ನಿಮ್ಮಲ್ಲಿ ಇಬ್ರಿದಾರಲ್ಲ, ಹೇಗೂ ಒಂದೇ ತಗೊಳ್ಳೋದು. ಇನ್ನೊಬ್ರನ್ನ ಒಂದು ದಿನಕ್ಕೆ ಕೊಟ್ಟಿರ್ತೀರಾ? ಜೋಪಾನವಾಗಿ ನೋಡ್ಕೋತೀನಿ," ಎಂದು ಕೇಳಿದ. ಒಬ್ಬ ಮುದುಕರು ನನ್ನ ಕೌಂಟರಿಗೆ ಬಂದು, "ಅಜ್ಜಂದಿರದ್ದು ಯಾವ ವಾರ?" ಎಂದು ವಿಚಾರಿಸಿ ಹೋದರು. ನನಗೆ ಅವರ ಮಾತಿನ ತಲೆಬುಡ ತಿಳಿಯಲಿಲ್ಲ. "ನೋಟಿಸು ಬರುತ್ತೆ," ಎಂದೆ.

ಆಗುತ್ತಪ್ಪನ ಮನೆಗೆ ನೋಟಿಸಿನ ಸುದ್ದಿ ತಂದವಳು ಅವನ ಹೆಂಡತಿ. ಅವನು ಕೆಳಗಿಳಿದು ಹೋಗಿ ತಾನೇ ಓದಿ ಬಂದ. ನಂಬಿದ. ಮೇಲಿನವರು ಏನು ತೀರ್ಮಾನ ಮಾಡಿದರೂ ಕೆಳಗಿನವರಿಗೆ ಬೋರ್ಡು ನೋಡಿಯೇ ಗೊತ್ತಾಗಬೇಕಾದ ಕಚೇರಿಯಲ್ಲಿ ಅವನು ಬೇರೇನು ಮಾಡಬೇಕಿತ್ತು?

"ಕಾಗದ ಕೊಟ್ಟಿದ್ದಾಯ್ತು, ಈಗ ಆಳನ್ನೇ ಕೇಳ್ತಿದಾರೆ," ಎಂದಳು ಹೆಂಡತಿ. "ಕರ್ಕೊಂಡು ಹೋಗೋಣ. ಆದ್ರೆ ರೀ, ಆ ಕೊನೇ ಸಾಲು..."

ಕೊನೆಯ ಸಾಲನ್ನು ಅಜ್ಜಿಯೂ ಕೇಳಿಸಿಕೊಂಡಿದ್ದಳು. ಅವಳು ಒಂದು ಚೀಲದಲ್ಲಿ ಕನ್ನಡಕ, ಮಾತ್ರೆ, ಎರಡು ಜೊತೆ ಬಟ್ಟೆ ತುಂಬಿಕೊಂಡಳು.

"ಅದ್ಯಾಕಜ್ಜಿ ಚೀಲ?"

"ವಾಪಸ್ ಕೊಡಲ್ಲ ಅಂತ ಬರೆದಿದ್ಯಂತಲ್ಲೋ. ಎಲ್ಲಾದ್ರೂ ಇಡ್ಲಿ ಬಿಡು. ಕೆಳಗಡೆ ತಾನೇ ಇಡೋದು?"

ಅವನು ಗೋಡೆ ನೋಡುತ್ತ ಚೀಲದ ಬಾಯಿ ಕಟ್ಟಿಕೊಟ್ಟ.

ಗುರುವಾರ ಬೆಳಿಗ್ಗೆ ನಾನು ಕಚೇರಿಯ ಬಾಗಿಲು ತೆರೆದೆ. ಅಂಗಳದ ತುಂಬ ಅಜ್ಜಿಯರು. ಕುರ್ಚಿಯಲ್ಲಿ ಹೊತ್ತು ತಂದವರು, ಬೆನ್ನ ಮೇಲೆ ತಂದವರು, ಎರಡು ಕಡೆ ಹಿಡಿದು ನಡೆಸಿ ತಂದವರು. ಪ್ರತಿ ಅಜ್ಜಿಯ ಶಾಲಿಗೂ ಪಿನ್ನಿನಲ್ಲಿ ಒಂದು ಫೋಟೋ. ಬೆನ್ನು ಬಾಗಿದ ಒಬ್ಬಳ ಮಗ ನಾನು ಕೇಳುವ ಮೊದಲೇ ಕೈಮುಗಿದು, "ಮಡಚಿದ್ದಲ್ಲ ಸಾರ್, ಮೊದಲಿಂದಲೂ ಹೀಗೇ ಇದಾರೆ," ಎಂದ. ಕೂದಲಿಗೆ ಬಣ್ಣ ಹಚ್ಚಿದ್ದ ಇನ್ನೊಬ್ಬಳು, ತನ್ನನ್ನು ತಿದ್ದಿದ ಅಜ್ಜಿಯೆಂದು ತಳ್ಳಿಬಿಟ್ಟಾರೆಂದು ಹೆದರಿ ತಲೆಗೆ ಬಟ್ಟೆ ಸುತ್ತಿಕೊಂಡಿದ್ದಳು.

ಮ್ಯಾನೇಜರು ಕನ್ನಡಕ ತೆಗೆದರು, ಹಾಕಿದರು, ಮತ್ತೆ ತೆಗೆದರು. ಅವರು ನಿಯಮದ ಮನುಷ್ಯ. ನೋಟಿಸು ತರಿಸಿ, ಅದನ್ನು ಮೊದಲ ಬಾರಿಗೆ ಓದಿದರು. ಅದರಲ್ಲಿ ಅಜ್ಜಿ ಎಂದಿತ್ತು. ಎದುರಿಗೆ ಅಜ್ಜಿಯರಿದ್ದರು.

"ಸರಿಯಾಗೇ ಇದೆಯಲ್ರೀ," ಎಂದು ಅವರು 'ಸ್ವೀಕರಿಸಿದೆ' ಎಂಬ ಮೊಹರನ್ನು ಕೈಗೆತ್ತಿಕೊಂಡರು. ಆಮೇಲೆ ದನಿ ತಗ್ಗಿಸಿ ನನ್ನನ್ನು ಕೇಳಿದರು, "ಎಲ್ಲಿ ಒತ್ತೋದು?"

ಸಾಲಿನ ಮೊದಲಿಗಳು ಆಗುತ್ತಪ್ಪನ ಅಜ್ಜಿ. ಅವಳೇ ಕೈ ಚಾಚಿದಳು. ಮ್ಯಾನೇಜರು ಮುಂಗೈಯ ಮೇಲೆ ಮೆಲ್ಲಗೆ ಮೊಹರು ಒತ್ತಿದರು. ಎಷ್ಟು ಮೆಲ್ಲಗೆ ಎಂದರೆ, ಅರ್ಜಿಗಳ ಮೇಲೆ ಅವರು ಗುದ್ದುವುದನ್ನು ನೋಡಿದ್ದ ನನಗೆ ಅವರ ಮೇಲೆ ಹೊಸದಾಗಿ ಗೌರವ ಹುಟ್ಟಿತು. ಹಾಗೆ ಒಬ್ಬೊಬ್ಬರಿಗೂ ಒತ್ತಿ ಗೋಡೆಯ ಬದಿಯ ಬೆಂಚುಗಳಲ್ಲಿ ಸಾಲಾಗಿ ಕೂರಿಸಿದೆವು.

ಆಗ ಸಾಹೇಬರು ಗುಡುಗುತ್ತ ಬಂದರು. ಕೈಯಲ್ಲಿ ಬಾಗಿಲಿನಿಂದ ಕಿತ್ತ ನೋಟಿಸು. ಅಜ್ಜಿಯರು ಅವರ ಕಣ್ಣಿಗೆ ಬೀಳಲಿಲ್ಲ.

"ಯಾರ್ರೀ ನನ್ನ ನಿದ್ಜೇಶಕ ಮಾಡಿದ್ದು? ನಾನು ನಿದ್ದೆ ಮಾಡ್ತೀನಾ?"

ಮೇಲಿನ ಮೇಡಂ ಕೂಗು ಕೇಳಿ ಇಳಿದು ಬಂದರು. "ನಾನು ನಿರ್ದೇಶಕ ಅಂತಾನೇ ಹೊಡೆದಿದ್ದು ಸಾರ್. ಬೇಕಾದ್ರೆ ಬಂದು ನೋಡಿ."

ಸಾಹೇಬರು ತುತ್ತತುದಿಗೆ ಹತ್ತಿ ಹೋಗಿ ನೋಡಿದರು. ಅಲ್ಲಿ ನಿರ್ದೇಶಕ ಎಂದಿತ್ತು. ಇಳಿದು ಬಂದು ನಮ್ಮಲ್ಲಿ ಅದೇ ಫೈಲು ನೋಡಿದರು. ನಿದ್ಜೇಶಕ ಎಂದಿತ್ತು. ನಂಬದೆ ಮತ್ತೆ ಹತ್ತಿದರು, ಮತ್ತೆ ಇಳಿದರು. ಬೆವರು ಕಿತ್ತುಕೊಂಡು ಬಂದಿತ್ತು. ಮ್ಯಾನೇಜರು ಪರೀಕ್ಷೆಗೆಂದು ಮೇಲಿನಿಂದ 'ಮರ್ಯಾದೆ' ಎಂದು ಬರೆಸಿದರು. ಕೆಳಗೆ 'ಮಯ್ಜಾದೆ' ಬಂತು. ಹಾಗೆ ನಮ್ಮ ಕಚೇರಿಯ ಮರ್ಯಾದೆ ಎಲ್ಲರೆದುರೇ ಮಯ್ಜಾದೆಯಾಯಿತು. ಆಗ ಸಾಹೇಬರಿಗೆ ನೋಟಿಸಿನ ಉಳಿದ ಸಾಲುಗಳ ಮೇಲೆ ಕಣ್ಣು ಹೋಯಿತು. ನಿಧಾನಕ್ಕೆ ತಲೆಯೆತ್ತಿ ಬೆಂಚುಗಳ ಕಡೆ ನೋಡಿದರು.

ಅದೇ ಹೊತ್ತಿಗೆ ಎದುರಿನ ಕಟ್ಟಡದಿಂದ ಕುರ್ಚಿಯೊಂದು ಬಂತು. ಅಜ್ಜಿಯ ಗೆಳತಿ. ಅವಳ ಮನೆಯವರು ಅವಳನ್ನು ತಂದು ಅಜ್ಜಿಯ ಪಕ್ಕದಲ್ಲೇ ಇಳಿಸಿದರು. ಮ್ಯಾನೇಜರು ಅಭ್ಯಾಸಬಲದಿಂದ ಅವಳ ಮುಂಗೈಗೂ ಮೊಹರು ಒತ್ತಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು. ಅಷ್ಟು ದಿನ ಕೂಡಿಟ್ಟ ಮಾತಲ್ಲಿ ಯಾವುದನ್ನು ಮೊದಲು ತೆಗೆಯಬೇಕೆಂದು ಅಜ್ಜಿಗೆ ತೋಚಲಿಲ್ಲ.

"ದಿನಾ ಕೈ ಬೀಸ್ತಿದ್ದೆಯಲ್ಲೇ," ಎಂದಳು ಕೊನೆಗೆ. "ಅದನ್ನ ನೋಡ್ಕೊಂಡೇ ದಿನ ದೂಡಿದೆ."

"ಹ್ಞಾಂ?"

"ಕೈ! ಕೈ ಬೀಸ್ತಿದ್ದೆಯಲ್ಲ!"

"ಯಾರು, ನಾನಾ? ನಾನೆಲ್ಲಿ ಬೀಸ್ದೆ? ಗಾಜು ಒರೆಸ್ತಿದ್ದೆ ಕಣೆ."

ಅಜ್ಜಿಯ ಮುಖ ಸಣ್ಣದಾಯಿತು. ನಮಗೆಲ್ಲ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಅಜ್ಜಿಯೇ ಕೇಳಿದಳು, "ದಿನಾ ಒರೆಸೋವಷ್ಟು ಕೊಳೆ ಎಲ್ಲಿತ್ತೇ?"

"ಕೊಳೆ ಇರ್ಲಿಲ್ಲ. ನನ್ನ ಕಣ್ಣಿಗೇ ಪೊರೆ ಬಂದಿದ್ಯಂತೆ, ನಂಗೇನು ಗೊತ್ತು? ಗಾಜು ಮಂಜಾಗಿದೆ ಅನ್ಕೊಂಡು ಒರೆಸ್ತಿದ್ದೆ. ಎಷ್ಟು ಒರೆಸಿದ್ರೂ ನೀನು ಸರಿಯಾಗಿ ಕಾಣ್ತಾನೇ ಇರ್ಲಿಲ್ಲ."

ಅಜ್ಜಿ ಅವಳ ಕೈ ಹಿಡಿದುಕೊಂಡಳು. ಎರಡು ಮೊಹರುಗಳೂ ಒಂದರ ಪಕ್ಕ ಒಂದು ಕಂಡವು. ನಾನು ಕೌಂಟರಿನ ಧೂಳು ಒರೆಸುವ ನೆಪದಲ್ಲಿ ಬಗ್ಗಿದೆ.

ಸಾಹೇಬರು ಗಂಟಲು ಸರಿಮಾಡಿಕೊಂಡು ಆಗುತ್ತಪ್ಪನ ಕಡೆ ತಿರುಗಿದರು. "ಎಲ್ಲಾ ನಿನ್ನಿಂದಾದ ಅವಾಂತರ. ಈಗ ಮಾಡಿದ್ದನ್ನ ನೀನೇ ತೊಳಿ. ಇವರನ್ನೆಲ್ಲ ವಾಪಸ್ ಅವರವರ ಮನೆಗೆ ಹತ್ತಿಸು. ಕಾಗದದ ಅರ್ಜಿ ತರೋಕೆ ಹೇಳು. ಆಗುತ್ತೇನಯ್ಯಾ?"

ಅವನು ಸಾಹೇಬರನ್ನು ನೋಡಿದ, ಬೆಂಚಿನ ಕಡೆ ನೋಡಿದ. ಗೋಡೆ ನೋಡಲಿಲ್ಲ.

"ಆಗಲ್ಲ ಸಾರ್," ಎಂದ.

ಟೈಲರು ತೆರೆದ ಬಾಯಿ ಮುಚ್ಚಲಿಲ್ಲ. ಮ್ಯಾನೇಜರ ಕೈಯಿಂದ ಮೊಹರು ಕೆಳಗೆ ಬಿತ್ತು. ಆ ಬಾಯಿಂದ ಆ ಮಾತು ಬಂದೀತೆಂದು ಸಾಹೇಬರಿಗೂ ನಂಬಿಕೆಯಿರಲಿಲ್ಲ. "ಏನಂದೆ?"

"ಆಗಲ್ಲ ಸಾರ್. ಕೆಲಸದಿಂದ ತೆಗೀತೀರಾ, ತೆಗೀರಿ. ಕಾಗದ ಆಗಿದ್ರೆ ಮೇಲೆ ಕಪಾಟಲ್ಲಿ ಇಡಬಹುದಿತ್ತು. 'ಬಿಡುವಾದಾಗ ನೋಡೋಣ' ಅನ್ನಬಹುದಿತ್ತು. ಇವರನ್ನ ಎಲ್ಲಿ ಇಡ್ತೀರಿ?"

ಮೇಡಂ ನೆಲ ನೋಡಿದರು. ಆಗ ಅಜ್ಜಿ ತನ್ನ ಮುಂಗೈಯನ್ನು ಸಾಹೇಬರ ಮೂಗಿನ ಹತ್ತಿರ ಹಿಡಿದಳು. "ತಗೊಂಡಿದೀವಿ ಅಂತ ಒತ್ತಿದೀರಪ್ಪ. ತಗೊಂಡ್ಮೇಲೆ ವಾಪಸ್ ಕೊಡಲ್ಲ ಅಂತಾನೂ ನೀವೇ ಬರೆದಿದೀರಿ. ಕೆಳಗೆ ನಿಮ್ಮ ಸಹಿನೂ ಇದೆ. ಅದೇನೋ ನಿದ್ದೆ ಅಂತ."

ಸಾಹೇಬರು ಮೆಟ್ಟಿಲ ಮೇಲೆ ಕುಸಿದು ಕೂತರು. ಬೆಳಗಿನಿಂದ ಹತ್ತಿಳಿದ ಮೆಟ್ಟಿಲು ಅವರ ಮೊಣಕಾಲಿಗೂ ಒಂದು ಮಾತು ಹೇಳಿರಬೇಕು. ಮೊಣಕಾಲು ತಿಕ್ಕಿಕೊಳ್ಳುತ್ತ ನಮ್ಮ ಕಚೇರಿಯನ್ನು ಸುತ್ತ ನೋಡಿದರು. ಕೌಂಟರಿನ ಕೋಣೆ, ಅದರಾಚೆಗೆ ದೊಡ್ಡ ಕೋಣೆ, ಸಾಮಾನಿನ ಕೋಣೆ, ಒಳಗಡೆ ಇನ್ನೂ ಒಂದಷ್ಟು. ಇವೂ ಒಂದು ಕಾಲಕ್ಕೆ ಮನೆಗಳೇ ಆಗಿದ್ದವು.

"ಎರಡು ಕಚೇರೀನೂ ಸೇರಿಸಿ ಆಯ್ತಲ್ರೀ," ಎಂದರು ತಮಗೆ ತಾವೇ ಎಂಬಂತೆ. "ಇನ್ನು ಕೆಳಗಿನವರು ಕೆಳಗೇ ಯಾಕಿರಬೇಕು? ಅರ್ಜಿ ತಗೊಳ್ಳೋಕೆ ಬಾಗಿಲ ಪಕ್ಕದ ಒಂದು ಕೋಣೆ ಸಾಕು. ಉಳಿದವರು ಮೇಲೆ ಹೋಗಿ."

ಹೀಗೆ ನಮ್ಮ ಕಚೇರಿ ಮೆಟ್ಟಿಲು ಹತ್ತಿತು, ಅಜ್ಜಿಯರು ಇಳಿದರು. ಬಂದವರಿಗೆಲ್ಲ ಜಾಗವಾಗಲಿಲ್ಲ, ಸುಳ್ಳು ಹೇಳಬಾರದು. ತೀರಾ ನಡೆಯಲಾಗದವರಿಗೆ ಆ ಕೋಣೆಗಳು ಸಿಕ್ಕವು. ಉಳಿದವರ ಹೆಸರನ್ನು ಮೇಡಂ ಬೆಂಚಿನ ಬಳಿ ತಾವೇ ಬಗ್ಗಿ ನಿಂತು ಬರೆದುಕೊಂಡರು. ಕೋಣೆ ಖಾಲಿಯಾದ ಹಾಗೆ ಒಬ್ಬೊಬ್ಬರೇ ಇಳಿಯುತ್ತಿದ್ದಾರೆ. ಆಗುತ್ತಪ್ಪನ ಕೆಲಸ ಹೋಗಲಿಲ್ಲ. ಟೈಲರು ತಾನು ಎರವಲು ತಂದ ಅಜ್ಜಿಯನ್ನು ಹೇಳಿದ ಹಾಗೆ ಜೋಪಾನವಾಗಿ ಹಿಂದಿರುಗಿಸಿದ.

ಅರ್ಕಾವೊತ್ತು ಸರಿಮಾಡಲು ಆಮೇಲೊಬ್ಬ ಇಂಜಿನಿಯರನ್ನು ಕರೆಸಿದರು. ಅವನು ಕೇಬಲ್ಲು ಹಿಡಿದುಕೊಂಡು ಬರುತ್ತ ಬರುತ್ತ ನಮ್ಮ ಹಳೆಯ ದೊಡ್ಡ ಕೋಣೆಗೂ ಸಾಮಾನಿನ ಕೋಣೆಗೂ ನಡುವಿನ ಗೋಡೆಯಲ್ಲಿ ಆ ತಪ್ಪು ತೂತನ್ನು ಕಂಡ. ಈಗ ಆ ಕಡೆ ಅಜ್ಜಿ, ಈ ಕಡೆ ಅವಳ ಗೆಳತಿ.

"ಏನಿದು? ಇದರಲ್ಲಿ ವೈರೇ ಇಲ್ವಲ್ಲ," ಎಂದ ಅವನು ಆಗುತ್ತಪ್ಪನಿಗೆ.

ಅಷ್ಟರಲ್ಲಿ ತೂತಿನ ಆ ಕಡೆಯಿಂದ ಅಜ್ಜಿಯ ದನಿ ಬಂತು. "ಏನೇ, ಎದ್ಯಾ?"

"ಹ್ಞಾಂ?"

"ಎದ್ಯಾ ಅಂದೆ!"

"ಇಲ್ಲ, ಇನ್ನೂ ಒರೆಸ್ಲಿಲ್ಲ!" ಎಂದು ಈ ಕಡೆಯಿಂದ ಉತ್ತರ ಹೋಯಿತು. ಇಬ್ಬರೂ ಬಿದ್ದು ಬಿದ್ದು ನಕ್ಕರು.

"ಸಿಮೆಂಟು ಮೆತ್ತಿಸಿ ಮುಚ್ಚಿಬಿಡಿ," ಎಂದ ಇಂಜಿನಿಯರು.

"ಬೇಡ ಸಾರ್," ಎಂದ ಆಗುತ್ತಪ್ಪ. "ನಾನು ಹಾಕಿದ್ರಲ್ಲಿ ಕೆಲಸ ಮಾಡ್ತಿರೋದು ಅದೊಂದೇ."